ಕೆಟ್ಟ ಮಾತಿಗೂ ಒಂದು ಗ್ರಾಂಥಿಕ ರೂಪ: ಹಾಂಗ್‌ಕಾಂಗಿನಲ್ಲಿ ಕಲಿತ ಪಾಠಗಳು

ಹಾಂಗ್‌ಕಾಂಗಿನಲ್ಲಿ ಕನ್ನಡಕ್ಕೆ ದುಭಾಷಿ ಬೇಕೆಂದು ಯಾರೂ ಕರೆಯುವುದಿಲ್ಲ. ನನಗೆ ಅನ್ನ ಕೊಟ್ಟದ್ದು ಹಿಂದಿ. ಕಟ್ಟಡ ಕೆಲಸದವರು, ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಬಾಡಿಗೆ ಮನೆಗಳಲ್ಲಿರುವ ಮುದುಕರು ಒಂದು ಕಡೆ. ಕ್ಯಾಂಟೊನೀಸ್ ಬಿಟ್ಟು ಬೇರೇನೂ ಆಡದ ಮೇಲ್ವಿಚಾರಕರು, ಗುಮಾಸ್ತರು ಇನ್ನೊಂದು ಕಡೆ. ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುವುದು ನನ್ನ ಕೆಲಸ. ದಾಟಿಸುವ ಮಾತಿನಲ್ಲಿ ಮುಕ್ಕಾಲು ಪಾಲು ದೂರು. ಅವನು ನನ್ನ ಬಗ್ಗೆ ಹಾಗಂದ, ಇವಳು ಮೇಲಿನವರಿಗೆ ಚಾಡಿ ಹೇಳಿದಳು, ಪಕ್ಕದ ಮನೆಯವರು ಇಲ್ಲಸಲ್ಲದ್ದು ಹಬ್ಬಿಸುತ್ತಿದ್ದಾರೆ. ಹೀಗಾಗಿ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವ ಕ್ಯಾಂಟೊನೀಸ್ ಬರುವ ಮೊದಲೇ ಇನ್ನೊಬ್ಬರನ್ನು ಹಳಿಯುವ ಕ್ಯಾಂಟೊನೀಸ್ ನನಗೆ ಬಂತು. ಅದೂ ಬೀದಿಯ ಬೈಗುಳವಲ್ಲ, ಅರ್ಜಿಯಲ್ಲೂ ನೋಟೀಸಿನಲ್ಲೂ ಬರುವ ಗಂಭೀರ ಪದಗಳು.

ಈಚೆಗೆ ಈ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು, "ಅಕ್ಕಾ, ಯಾವ ಪುಸ್ತಕ ಓದಲಿ?" ಅಂತ ಕೇಳಿದಳು. ಪುಸ್ತಕ ಸೂಚಿಸುವಷ್ಟು ನಾನು ಓದಿದವಳಲ್ಲ. ಎಡವಿದ ಜಾಗಗಳನ್ನು ಮಾತ್ರ ಗುರುತು ಹಾಕಿ ಕೊಡಬಲ್ಲೆ.

1. ಪುಸ್ತಕದ ಪದ ಅಂದರೆ ಮರ್ಯಾದೆಯ ಪದ ಅಂದುಕೊಳ್ಳಬೇಡಿ.

ಗಂಭೀರವಾದ ಪದ ಹಾಕಿದರೆ ಮಾತು ಮೆದುವಾಗುತ್ತದೆ ಎಂಬ ನಂಬಿಕೆ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಇಲ್ಲಿ ಚಾ ಚಾನ್ ತೆಂಗ್ ಅಂತ ಸಣ್ಣ ಹೋಟೆಲುಗಳಿವೆ. ಕಡು ಹಾಲಿನ ಚಹಾ, ಅನಾನಸಿನ ಸುಳಿವೂ ಇಲ್ಲದ ಅನಾನಸ್ ಬನ್ನು, ಎದುರು ಕೂತವರು ಯಾರೆಂದು ಕೇಳದೆ ಒಂದೇ ಮೇಜಿಗೆ ನಾಲ್ವರನ್ನು ಕೂರಿಸುವ ಮಾಣಿಗಳು. ಅಂಥ ಕಡೆ ಊಟ ಮಾಡುವಾಗ ಜೊತೆಗೆ ಕೆಲಸ ಮಾಡುವಾಕೆ ನನ್ನ ಡಬ್ಬಿಯ ಖಾರದ ಬಗ್ಗೆ ಏನೋ ಕಿಚಾಯಿಸಿದಳು. ನಾನೂ ತಮಾಷೆಗೇ, ಆದರೆ ಕಲಿತವಳ ಹಾಗೆ ಕಾಣಲಿ ಅಂತ, "ನನ್ನನ್ನು ಫೇಯ್ ಬೋಂಗ್ ಮಾಡ್ತಿದ್ದೀಯ" ಅಂದೆ. ಅವಳು ಚಾಪ್‌ಸ್ಟಿಕ್ ಕೆಳಗಿಟ್ಟಳು. ಮುಖದ ನಗು ಹೋಯಿತು. ಕ್ಷಮೆ ಕೇಳಿದಳು.

ಫೇಯ್ ಬೋಂಗ್ ಅಂದರೆ ಮಾನಹಾನಿ. ಗೆಳತಿಯ ಬಾಯಲ್ಲಿ ಬರುವ ಮಾತಲ್ಲ, ವಕೀಲರ ನೋಟೀಸಿನಲ್ಲಿ ಬರುವ ಮಾತು. ಅಲ್ಲಿ ಬೇಕಾಗಿದ್ದದ್ದು ಚೋಂಗ್ ಸೋಯ್. ಹಾಡಿ ಹಾಡಿ ಹಾಳು ಮಾಡುವುದು ಅನ್ನುವಂಥ ಬಳಕೆ ಅದು, ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಹಾಗಂದಿದ್ದರೆ ಅವಳು ನಕ್ಕು ನನ್ನ ಡಬ್ಬಿಗೇ ಕೈ ಹಾಕುತ್ತಿದ್ದಳು. ಇಲ್ಲಿ ಪದ ಗಂಭೀರವಾದಷ್ಟೂ ಆರೋಪ ಗಟ್ಟಿಯಾಗುತ್ತದೆ. ಇಷ್ಟು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

2. ಧಾರಾವಾಹಿ ನೋಡಿ ಕಲಿತರೆ ಮಂತ್ರಿಯ ಹಾಗೆ ಮಾತಾಡುತ್ತೀರಿ.

ಟಿವಿಬಿ ಇಲ್ಲಿನ ಹಳೆಯ ಚಾನೆಲ್ಲು, 1967ರಿಂದ ನಡೆಯುತ್ತಿದೆ. ಅದರ ಅರಮನೆ ಧಾರಾವಾಹಿಗಳಲ್ಲಿ ರಾಣಿಯರೂ ದಾಸಿಯರೂ ಸಂಚಿಕೆಗಟ್ಟಲೆ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಾರೆ. 2004ರಲ್ಲಿ ಬಂದ 'ಗಾಮ್ ಜಿ ಯೂಕ್ ಯಿತ್' ಎಂಬುದನ್ನಂತೂ ನಾನು ಪಾಠದ ಪುಸ್ತಕದ ಹಾಗೆ ನೋಟ್ಸ್ ಮಾಡಿಕೊಂಡು ನೋಡಿದೆ. ದೊರೆಯ ಕಿವಿಗೆ ವಿಷ ಹಾಕುವುದಕ್ಕೆ ಅಲ್ಲೊಂದು ಚಂದದ ಪದವಿದೆ: ಚಾಮ್ ಯಿನ್. ಸಹೋದ್ಯೋಗಿಯೊಬ್ಬ ಮ್ಯಾನೇಜರಿಗೆ ನನ್ನ ಬಗ್ಗೆ ದೂರಿದ್ದು ಗೊತ್ತಾದಾಗ ಆ ಪದವನ್ನೇ ಎತ್ತಿ ಆಡಿದೆ. ಸನ್ನಿಧಾನಕ್ಕೆ ಹೋಗಿ ಪಿಸುಣವಾಕ್ಯ ಅರಿಕೆ ಮಾಡಿಕೊಂಡ ಅಂದ ಹಾಗಾಯಿತು. ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಮ್ಯಾನೇಜರಿಗೆ ಚಕ್ರವರ್ತಿ ಅಂತ ಅಡ್ಡಹೆಸರು. ನನಗೇನು ಹೆಸರಿಟ್ಟಿದ್ದರೋ, ಕೇಳಲು ಹೋಗಲಿಲ್ಲ.

ಕಚೇರಿಯ ಚಾಡಿಗೆ ಊರಿನವರ ಮಾತು ದುಕ್ ಬೂಯ್ ಜೆಕ್, ಬೆನ್ನು ತಿವಿಯುವುದು. ಅರಮನೆಯ ಪದಗಳು ಕೇಳಿದರೆ ಎಲ್ಲರಿಗೂ ತಿಳಿಯುತ್ತವೆ, ಆಡಿದರೆ ನಾಟಕವಾಗುತ್ತದೆ. ತಿಳಿಯುವ ಪದ, ಆಡುವ ಪದ ಎರಡೂ ಬೇರೆ ಎಂಬ ಕಾರಣಕ್ಕೆ ಈಗ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇವೆ. ಮೊದಲು ಒಂದೇ ಇತ್ತು.

3. ಅವರು ಬಾಯಲ್ಲಿ ಆಡಿದ್ದಕ್ಕೂ ನೀವು ಬರೆಸಿದ್ದಕ್ಕೂ ನಡುವೆ ಒಬ್ಬ ಮನುಷ್ಯ ಸಿಕ್ಕಿಬೀಳಬಹುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಂಟೊನೀಸಿಗೆ ಎರಡು ಮುಖ. ಬಾಯಿಮಾತು ಹೌ ಯೂ, ಬರೆಯುವ ಮಾತು ಸ್ಯೂ ಮಿನ್ ಯೂ. ಬರೆದದ್ದು ಬಹುಮಟ್ಟಿಗೆ ಚೀನಾದ ಎಲ್ಲ ಕಡೆಯೂ ನಡೆಯುವ ಶಿಷ್ಟ ಚೀನೀ ಬರಹವೇ, ಓದುವಾಗಿನ ಉಚ್ಚಾರ ಮಾತ್ರ ಕ್ಯಾಂಟೊನೀಸಿನದು. ಮನೆಯಲ್ಲಿ 'ಅವನು' ಅನ್ನಲು ಕೋಯ್, ಟಿವಿ ವಾರ್ತೆಯಲ್ಲಿ ತಾ. ಮನೆಯಲ್ಲಿ 'ಹೌದು' ಅನ್ನಲು ಹೈ, ಕಾಗದದಲ್ಲಿ ಸಿ. ಚೀನೀ ಭಾಷೆಗೆ ಇಲ್ಲಿ ಇಂಗ್ಲಿಷಿನ ಜೊತೆ ಅಧಿಕೃತ ಸ್ಥಾನ ಸಿಕ್ಕಿದ್ದು 1974ರಲ್ಲಿ. ಕಚೇರಿಯಲ್ಲಿ ಬಾಯಲ್ಲಿ ಹೇಳಿದ್ದು ಚೀನಿಯಲ್ಲಿ ದಾಖಲೆಗೆ ಹೋಗುವ ಹೊತ್ತಿಗೆ ಸಾಮಾನ್ಯವಾಗಿ ಸ್ಯೂ ಮಿನ್ ಯೂ ಆಗಿರುತ್ತದೆ. ಬಾಯಲ್ಲಿ ಚೋಂಗ್ ಸೋಯ್ ಅಂದವನ ಹೇಳಿಕೆಯಲ್ಲಿ ದೈ ವೈ ಎಂದು ಬರೆದಿರುತ್ತದೆ, ಹೆಸರು ಕೆಡಿಸುವುದು ಅಂತ.

ನಾನು ಎಡವಿದ್ದು ಈ ದಾಟಿನಲ್ಲಿ. ಹೋಟೆಲಿನ ಅಡುಗೆಮನೆಯ ಕೆಲಸಗಾರನೊಬ್ಬ ತನ್ನ ಮೇಲಿನವನ ವಿರುದ್ಧ ದೂರು ಕೊಡಲು ಬಂದಿದ್ದ. "ಸಬ್‌ಕೆ ಸಾಮ್ನೆ ಮೇರಿ ಬದ್ನಾಮಿ ಕರ್ತಾ ಹೈ" ಅಂದ, ಎಲ್ಲರೆದುರು ನನ್ನ ಹೆಸರು ಕೆಡಿಸುತ್ತಾನೆ ಅಂತ. ಬದ್ನಾಮಿಗೆ ನನ್ನ ತಲೆಯಲ್ಲಿ ಸಾಲಾಗಿ ಪದಗಳಿದ್ದವು. ಹೊಸದಾಗಿ ಕಲಿತವಳಲ್ಲವೇ, ಎಲ್ಲಕ್ಕಿಂತ ಭಾರವಾದದ್ದನ್ನೇ ಎತ್ತಿದೆ: ಮೌ ಮಿತ್. ಅಧಿಕಾರಿ ಬರೆದುಕೊಂಡರು.

ಮೌ ಮಿತ್ ಬರೀ ಹಳಿಯುವುದಲ್ಲ. ಸುಳ್ಳೆಂದು ಗೊತ್ತಿದ್ದೂ ಇನ್ನೊಬ್ಬರ ಮೇಲೆ ಕಳಂಕ ಹೊರಿಸುವುದು. ಎದುರಾಳಿಯನ್ನು ಕರೆಸಿದಾಗ ಅವನು ಆ ಒಂದು ಪದ ಹಿಡಿದುಕೊಂಡ. "ಇವನು ತಡವಾಗಿ ಬರ್ತಾನೆ ಅಂದೆ. ಹಾಜರಿ ಪುಸ್ತಕ ತೆಗೆದು ನೋಡಿ. ತಡವಾಗಿ ಬಂದದ್ದು ಸುಳ್ಳೇ?" ಪುಸ್ತಕದಲ್ಲಿ ತಡ ಇತ್ತು. ಪಾಪದವನ ನಿಜವಾದ ದೂರು ತಡವಾದದ್ದರ ಬಗ್ಗೆ ಅಲ್ಲವೇ ಅಲ್ಲ. ಮೇಲಿನವನು ದಿನಾ ಎಲ್ಲರೆದುರು ತನ್ನ ಮಾತಿನ ಧಾಟಿಯನ್ನು ಅಣಕಿಸುತ್ತಾನೆ, ತಾನು ಮುಟ್ಟಿದ ಪಾತ್ರೆಯನ್ನು ಮತ್ತೆ ತೊಳೆಸುತ್ತಾನೆ ಎಂಬುದು. ಅದು ಚರ್ಚೆಗೇ ಬರಲಿಲ್ಲ. ಸುಳ್ಳು ಹೌದೋ ಅಲ್ಲವೋ ಎಂಬಲ್ಲೇ ಬೆಳಗು ಕಳೆಯಿತು.

ಕೊನೆಗೆ ಕೈಯೆತ್ತಿ, ಆ ಪದ ಅವರದಲ್ಲ, ನಾನು ಆರಿಸಿದ್ದು ಅಂತ ಹೇಳಿದೆ. ಅಧಿಕಾರಿ ಅದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು. ಆದರೆ ಮಾತು ಬದಲಿಸುವ ಮನುಷ್ಯ ಎಂಬ ಗುಮಾನಿ ಅವನ ಮೇಲೆ ಕೂತಾಗಿತ್ತು, ನನ್ನ ಮೇಲಲ್ಲ.

ಈಗ ನಾನು ಕೆಳಗಿನ ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಗೋಂಗ್ ವಾಯ್ ವಾ, ಕೆಟ್ಟ ಮಾತಾಡುವುದು. ಇದರಲ್ಲಿ ಸುಳ್ಳೋ ನಿಜವೋ ಎಂಬ ತೀರ್ಪಿಲ್ಲ. ಹೆಸರಿಗೆ ಧಕ್ಕೆಯಾಗಿದೆ ಅಂತ ಅವರೇ ಹೇಳಿದರೆ ದೈ ವೈ. ಬೇಕೆಂದೇ ನೋಯಿಸಲು ಆಡಿದ್ದು ಅಂದರೆ ಜುಂಗ್ ಸೋಂಗ್. ಸುಳ್ಳೆಂದು ಗೊತ್ತಿದ್ದೂ ಆಡಿದ ಎಂದು ಅವರು ನಿಚ್ಚಳವಾಗಿ ಹೇಳಿದ ಮೇಲಷ್ಟೇ ಮೌ ಮಿತ್. ಫೇಯ್ ಬೋಂಗ್ ವಕೀಲರಿಗೆ ಬಿಟ್ಟಿದ್ದು. ಹಿಂದಿಯ 'ಬುರಾಯಿ', 'ಬದ್ನಾಮಿ', 'ಇಲ್ಜಾಮ್'ಗಳು ಈ ಮೆಟ್ಟಿಲುಗಳ ಮೇಲೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಮೊದಲು ಕೇಳುವುದು ಒಂದೇ: "ಭಯ್ಯಾ, ಅವನು ಏನಂದ? ಅವನ ಬಾಯಲ್ಲಿ ಬಂದ ಹಾಗೇ ಹೇಳಿ." ಅಂದದ್ದನ್ನು ಅಂದ ಹಾಗೆ ದಾಟಿಸಿದರೆ, ಅದಕ್ಕೆ ಹೆಸರಿಡುವ ಭಾರ ಮೇಜಿನ ಆಚೆ ಕೂತವರದು.

4. ಹಾಡಲು ಒಂದು ಪದ ಸಾಕು, ಆದರೆ ಶ್ರುತಿ ತಪ್ಪಬಾರದು.

ಕ್ಯಾಂಟೊನೀಸಿಗೆ ಆರು ಸ್ವರ. ಫೇಯ್ ಬೋಂಗ್‌ನ ಫೇಯ್ ಮೇಲಕ್ಕೇರಬೇಕು. ನಾನು ಒಮ್ಮೆ ಇಳಿಸಿದೆ. ಇಳಿದ ಫೇಯ್ ಅಂದರೆ ದಪ್ಪ. ಬೋಂಗ್ ಕೂಡ ತುಸು ಕೆಳಗೆ ಹೋಯಿತು, ಅದು ತೂಕದ ಪೌಂಡು. ಮಾನಹಾನಿಯ ದೂರು ಬರೆದುಕೊಳ್ಳಲು ಕೂತವರು ನನ್ನ ಪಕ್ಕದ ತುಂಬುಮೈಯ ಹೆಂಗಸನ್ನು ಒಮ್ಮೆ ನೋಡಿ, ಪೆನ್ನಿನ ಕ್ಯಾಪು ಮುಚ್ಚಿ, ಇದು ಆರೋಗ್ಯ ಇಲಾಖೆಯ ವಿಚಾರವೇ ಅಂತ ವಿಚಾರಿಸಿದರು. ಅವರು ಗೇಲಿ ಮಾಡಿದ್ದಲ್ಲ, ನಿಜವಾಗಿ ಕೇಳಿದ್ದು.

5. ಕಾನೂನಿನ ಪದ ಆಡುವ ಮೊದಲು ಕಾನೂನು ಏನು ಕೇಳುತ್ತದೆ ನೋಡಿಕೊಳ್ಳಿ.

ನಾನು ವಕೀಲೆಯಲ್ಲ. ಆದರೆ ಪದ ಬಳಸುವವಳಿಗೆ ಅದರ ಹಿಂದಿರುವ ಪ್ರಶ್ನೆಗಳಾದರೂ ಗೊತ್ತಿರಬೇಕಿತ್ತು. ಹಾಂಗ್‌ಕಾಂಗಿನ ಮಾನಹಾನಿ ಕಾಯಿದೆ, ಕಾನೂನು ಸಂಪುಟದ 21ನೇ ಅಧ್ಯಾಯ, ಬ್ರಿಟಿಷರ ಕಾಲದಿಂದ ಬಂದದ್ದು. ಬರಹದ ಮಾನಹಾನಿಗೂ ಬಾಯಿಮಾತಿನದಕ್ಕೂ ಇಂಗ್ಲಿಷಿನಲ್ಲಿ ಲೈಬೆಲ್, ಸ್ಲ್ಯಾಂಡರ್ ಅಂತ ಚಿಕ್ಕಚಿಕ್ಕ ಹೆಸರು. 1997ರ ಹಸ್ತಾಂತರಕ್ಕೆ ಮೊದಲು ಇಡೀ ಕಾನೂನನ್ನು ಚೀನಿಗೆ ತಂದವರು ಇವಕ್ಕೆ ಕೊಟ್ಟ ಹೆಸರುಗಳು ಕೇಳಿದರೆ ವೇದಾಂತದ ಹಾಗಿವೆ: ಶಾಶ್ವತ ರೂಪದ ಮಾನಹಾನಿ, ಕ್ಷಣಿಕ ರೂಪದ ಮಾನಹಾನಿ. ರೇಡಿಯೋದಲ್ಲಿ ಆಡಿದ ಮಾತು ಗಾಳಿಗೆ ಹೋದರೂ ಕಾನೂನಿನ ಲೆಕ್ಕದಲ್ಲಿ ಶಾಶ್ವತ.

ಕ್ಷಣಿಕದ್ದಕ್ಕೆ ದಾವೆ ಹೂಡಬೇಕಾದರೆ, ಕೆಲವು ಬಗೆಯ ಆರೋಪಗಳನ್ನು ಬಿಟ್ಟರೆ, ಆದ ನಷ್ಟವನ್ನೂ ತೋರಿಸಬೇಕು. ಎರಡಕ್ಕೂ ಮೊದಲ ಪ್ರಶ್ನೆ ಒಂದೇ: ಮೂರನೆಯವರು ಯಾರಾದರೂ ಕೇಳಿಸಿಕೊಂಡರೇ? ನನ್ನ ಕಡೆಯ ಹೆಂಗಸೊಬ್ಬರು ಮನೆಯೊಡತಿ ತನ್ನನ್ನು ಕಳ್ಳಿ ಅಂದಳು ಅಂತ ಅತ್ತರು. ನಾನು ವೀರಾವೇಶದಿಂದ ಫೇಯ್ ಬೋಂಗ್ ಅಂದುಬಿಟ್ಟೆ, ಈ ಸಲ ಶ್ರುತಿ ಸರಿಯಾಗಿಯೇ ಇತ್ತು. "ಆಗ ಮನೆಯಲ್ಲಿ ಮತ್ಯಾರಿದ್ದರು?" ಅಂತ ಪ್ರಶ್ನೆ ಬಂತು. ಇಬ್ಬರೇ. ಆಕೆಯ ಮುಖದ ಮೇಲೇ ಆಡಿದ ಮಾತು ಬೇರೆ ಯಾರ ಕಿವಿಗೂ ಬಿದ್ದಿರಲಿಲ್ಲ. ಕಳ್ಳಿ ಅನ್ನಿಸಿಕೊಂಡ ನೋವಿಗೆ ಬೇರೆ ದಾರಿಗಳಿದ್ದವು. ಅವುಗಳ ಬಾಗಿಲು ತಟ್ಟುವ ಮೊದಲು ನಾನು ಈ ಗೋಡೆಗೆ ತಲೆ ಚಚ್ಚಿಸಿದ್ದೆ.

ಇನ್ನೊಂದು ವಿಚಾರ ಕಲಿತದ್ದು ಒಂದು ಹಳೆಯ ತೀರ್ಪಿನಿಂದ. ಆಲ್ಬರ್ಟ್ ಚೆಂಗ್ ಎಂಬ ಹೆಸರಾಂತ ರೇಡಿಯೋ ನಿರೂಪಕ ಕಾರ್ಯಕ್ರಮದಲ್ಲಿ ಆಡಿದ ಮಾತಿಗೆ ಪಾಲ್ ತ್ಸೆ ಎಂಬ ಸಾಲಿಸಿಟರ್ ದಾವೆ ಹೂಡಿದ್ದರು. 2000ರಲ್ಲಿ ಅದು ಇಲ್ಲಿನ ಅತ್ಯುನ್ನತ ನ್ಯಾಯಾಲಯಕ್ಕೆ ಬಂತು. ಇಂಗ್ಲೆಂಡಿನ ಲಾರ್ಡ್ ನಿಕೋಲ್ಸ್ ಬರೆದ ತೀರ್ಪಿನ ಸಾರ ನನಗೆ ತಿಳಿದ ಮಟ್ಟಿಗೆ ಇದು: ಸಾರ್ವಜನಿಕ ವಿಚಾರದ ಮೇಲೆ ಟೀಕೆ ಮಾಡಿದವನು ಪ್ರಾಮಾಣಿಕವಾಗಿ ಆ ಅಭಿಪ್ರಾಯ ಹೊಂದಿದ್ದರೆ ಸಾಕು, ಮನಸ್ಸಿನಲ್ಲಿ ದ್ವೇಷವಿತ್ತು ಅಂದ ಮಾತ್ರಕ್ಕೆ ಅವನ ರಕ್ಷಣೆ ಹೋಗುವುದಿಲ್ಲ. ಓಕ್ ಯೀ, ದುರುದ್ದೇಶ, ಅನ್ನುವುದು ಬೀದಿಯಲ್ಲಿ ಒಂದು, ಕೋರ್ಟಿನಲ್ಲಿ ಇನ್ನೊಂದು. ನಾನು ಅದನ್ನು ಹಿಂದಿಯ 'ಬುರೀ ನಿಯತ್' ಅಂತ ಕಣ್ಣು ಮುಚ್ಚಿ ದಾಟಿಸುತ್ತಿದ್ದೆ. ಈಗ ದಾಟಿಸುವ ಮುನ್ನ, ತಾವು ಯಾವ ಅರ್ಥದಲ್ಲಿ ಹೇಳಿದ್ದು ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

6. ವಿಷಾದ ಅಂದರೆ ಕ್ಷಮೆಯಲ್ಲ, ಬೈಗುಳ.

ನನ್ನ ಎಲ್ಲ ಎಡವಟ್ಟುಗಳ ಪೈಕಿ ಮನೆಮಂದಿಗೆ ಇಷ್ಟವಾದದ್ದು ಇದು. ವಯಸ್ಸಾದ ಹಿರಿಯರೊಬ್ಬರು ಕಟ್ಟಡದ ನಿರ್ವಹಣಾ ಕಚೇರಿಯಿಂದ ಬಂದ ಪತ್ರ ಹಿಡಿದು ಬಂದರು. ಬೆಳಗಿನ ಜಾವ ಭಜನೆ ಹಾಕುತ್ತಾರೆ, ಕಾರಿಡಾರಿನಲ್ಲಿ ಚಪ್ಪಲಿ ಸಾಲು ಬಿಡುತ್ತಾರೆ ಅಂತ ಪಕ್ಕದವರ ದೂರು. ಪತ್ರದ ಕೊನೆಯಲ್ಲಿ ಸಾಮ್ ಬಿಯು ವೈ ಹಾಮ್ ಅಂತ ಇತ್ತು, ಕಚೇರಿ ಗಾಢ ವಿಷಾದ ವ್ಯಕ್ತಪಡಿಸುತ್ತದೆ ಅಂತ. ಯಾರ ಮೇಲಿನ ವಿಷಾದ ಅನ್ನುವುದನ್ನು ನಾನು ನೋಡಲಿಲ್ಲ. "ಅವರು ಖೇದ ವ್ಯಕ್ತಪಡಿಸಿದ್ದಾರೆ, ಅಂಕಲ್" ಅಂದೆ.

ಅವರ ಕಣ್ಣು ತೇವವಾಯಿತು. "ನೋಡು ಬೇಟಿ, ಎಷ್ಟಾದರೂ ಒಳ್ಳೆ ಜನ" ಅಂದರು. ಸಿಮ್ ಶಾ ತ್ಸೂಯಿಯಿಂದ ಬರ್ಫಿ ತರಿಸಿ ಕಚೇರಿಗೆ ಹಂಚಿದರು. ಕ್ಷಮಿಸಿದ್ದೇನೆ ಅಂತ ಸನ್ನೆಯಲ್ಲೇ ತಿಳಿಸಿದರಂತೆ. ಭಜನೆ ಮುಂದುವರಿಯಿತು, ಈಗ ನೆಮ್ಮದಿಯಿಂದ ಒಂದಿಷ್ಟು ಜೋರಾಗಿ.

ಮುಂದಿನ ಪತ್ರದಲ್ಲಿ ವಿಷಾದ ಇರಲಿಲ್ಲ. ಯಿಮ್ ಜಿಂಗ್ ಇತ್ತು, ಕಟ್ಟುನಿಟ್ಟಾಗಿ. ಕೆಳಗೆ, ಮುಂದಿನ ಕ್ರಮ ಜರುಗಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ ಎಂಬ ಸಾಲು. ಆಗ ನಾನು ಭಾಷೆ ಕಲಿಸುವ ನಮ್ಮ ಲೋ ಸಿ ಹತ್ತಿರ ಓಡಿದೆ. ಅವರು ಎರಡೂ ಪತ್ರ ಓದಿ, ಮೊದಲನೆಯದರ ಕಡೆ ಬೆರಳು ತೋರಿಸಿದರು. ಬೈದದ್ದು ಅಲ್ಲೇ, ಎರಡನೆಯದು ಬರೀ ಅದರ ರಸೀದಿ ಅಂದರು.

ಸಂಸ್ಥೆಗಳು, ಸರ್ಕಾರಗಳು, ರಾಯಭಾರ ಕಚೇರಿಗಳು ವೈ ಹಾಮ್ ಅಂದಾಗ, ನಿನ್ನ ನಡತೆ ನಮಗೆ ಸರಿಬೀಳಲಿಲ್ಲ ಅಂತ ಅರ್ಥ. ಕ್ಷಮೆ ಕೇಳುವುದಾದರೆ ದೋ ಹಿಪ್ ಎಂಬ ಬೇರೆಯೇ ಪದವಿದೆ. ವಿಷಾದದ ಮೇಲೆ ಹಿನ್ ಜಾಕ್, ಖಂಡನೆ. ಅದರ ಹಿಂದೆ 'ತೀವ್ರ' ಸೇರಿಸಿದರೆ ಸರ್ಕಾರಿ ಪ್ರಕಟಣೆಗಳಲ್ಲಿ ದಿನಾ ಕಾಣುವ ಕ್ಯೋಂಗ್ ಲಿತ್ ಹಿನ್ ಜಾಕ್. ಪತ್ರಿಕೆಗಳ ಕಥೆ ಬೇರೆ. ಅಲ್ಲಿ ಸಾದಾ ಟೀಕೆ, ಪೈ ಪಿಂಗ್, ಒಳಪುಟಕ್ಕೆ ಹೋಗುತ್ತದೆ. ತಲೆಬರಹಕ್ಕೆ ಪಾವ್ ಗ್ವಾಂಗ್ ಬೇಕು, ಅಂದರೆ ಫಿರಂಗಿ ಹೊಡೆಯುವುದು. ಶಾಸನಸಭೆಯ ಒಬ್ಬ ಸದಸ್ಯ ಬಸ್ ದರದ ಬಗ್ಗೆ ಎರಡು ಮಾತಾಡಿದರೂ ಮರುದಿನ ಫಿರಂಗಿ ಸಿಡಿದಿರುತ್ತದೆ. ಫಿರಂಗಿಗೆ ಹೆದರಬೇಕಾಗಿಲ್ಲ, ವಿಷಾದಕ್ಕೆ ಹೆದರಬೇಕು.

ಅಂಕಲ್ ಈಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಭಜನೆ ಕೇಳುತ್ತಾರೆ. ಬರ್ಫಿ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

7. 'ಯಾರೋ ಒಬ್ಬರು' ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ.

ಹಾಮ್ ಸಾ ಸೆ ಯಿಂಗ್ ಎಂಬ ನಾಲ್ಕಕ್ಷರದ ನುಡಿಗಟ್ಟಿನ ಹಿಂದೆ ಒಂದು ಹಳೆಯ ಕಥೆ ಇದೆ. ನೀರಿನಲ್ಲಿ ಅಡಗಿರುವ ಒಂದು ಜಂತು ಬಾಯಲ್ಲಿ ಮರಳು ತುಂಬಿಕೊಂಡು ದಡದ ಮೇಲೆ ಹೋಗುವವನ ನೆರಳಿಗೆ ಉಗುಳುತ್ತದಂತೆ. ಮೈಗೆ ತಾಗಬೇಕಾಗಿಲ್ಲ, ನೆರಳಿಗೆ ತಾಗಿದರೂ ಮನುಷ್ಯ ಕಾಯಿಲೆ ಬೀಳುತ್ತಾನೆ. ಹೆಸರೆತ್ತದೆ ಹಳಿಯುವುದಕ್ಕೆ ಇದನ್ನು ಹೇಳುತ್ತಾರೆ. ಕಚೇರಿಯ ಭಾಷೆಯಲ್ಲಿ ಅದರ ಸಾಧನ ಮೌ ಯಾನ್ ಎಂಬ ಪುಟ್ಟ ಪದ. ನಿಘಂಟಿನ ಪ್ರಕಾರ 'ಯಾರೋ ಒಬ್ಬ'.

ಒಂದು ಸಭೆಯಲ್ಲಿ ಮೇಲ್ವಿಚಾರಕ, "ಮೌ ಯಾನ್ ಕೆಲಸ ಮುಗಿಯುವ ಮೊದಲೇ ಬಟ್ಟೆ ಬದಲಿಸಿಕೊಳ್ಳುತ್ತಾನೆ" ಅಂದ. ನಾನು ಹಿಂದಿಯಲ್ಲಿ "ಕೋಯಿ" ಅಂದೆ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗ ಹಲ್ಲು ಬಿಟ್ಟು ನಕ್ಕ. ಯಾರೋ ಸೋಮಾರಿ ಸಿಕ್ಕಿಬಿದ್ದ ಅಂತ ಅವನಿಗೆ ಖುಷಿ. ಉಳಿದವರೆಲ್ಲ ನೆಲ ನೋಡುತ್ತಿದ್ದರು. ಆ ಮೌ ಯಾನ್ ಅವನೇ. ನಗು ಉದ್ಧಟತನವಾಗಿ ಕಂಡಿತು. 'ಕೆಲವರು' ಅಂತ ಎಳೆದು, ದನಿ ಸ್ವಲ್ಪ ಬದಲಿಸಿ ಹೇಳಿದ್ದರೆ ಹುಡುಗನಿಗೆ ತಟ್ಟುತ್ತಿತ್ತೇನೋ. ಪದ ದಾಟಿಸಿದೆ, ಕೊಂಕು ಈಚೆ ದಡದಲ್ಲೇ ಉಳಿಯಿತು. ಹೆಸರು ಹೇಳಲಿಲ್ಲ ಎಂಬುದು ಕಾನೂನಿನಲ್ಲೂ ಗುರಾಣಿಯಲ್ಲ. ಕೇಳಿದವರಿಗೆ ಯಾರೆಂದು ಹೊಳೆಯುವಂತಿದ್ದರೆ ಸಾಕು.

ಇಂಥ ಮಾತಿಗೆ ಬಲಿಯಾದವರ ಉದಾಹರಣೆ ಕೇಳಿದರೆ ಇಲ್ಲಿನ ಹಿರಿಯರು ರುವಾನ್ ಲಿಂಗ್ಯೂಳ ಹೆಸರು ಹೇಳುತ್ತಾರೆ. ಮೂಕಿ ಚಿತ್ರಗಳ ಕಾಲದ ಶಾಂಘೈ ತಾರೆ, ಮನೆತನದ ಮೂಲ ಗುವಾಂಗ್‌ಡಾಂಗ್. ಪತ್ರಿಕೆಗಳು ಅವಳ ಸಂಸಾರವನ್ನು ಬೀದಿಗೆಳೆದವು. 1935ರ ಮಾರ್ಚ್ 8ರಂದು ಪ್ರಾಣ ತೆಗೆದುಕೊಂಡಳು. 'ಜನರ ಮಾತು ಭಯಂಕರ' ಎಂಬರ್ಥದ ನಾಲ್ಕಕ್ಷರ ಅವಳ ಕೊನೆಯ ಪತ್ರದಲ್ಲಿತ್ತು ಅಂತ ಪ್ರಸಿದ್ಧಿ. ಆ ಪತ್ರ ಅವಳದೇ ಹೌದೇ ಎಂಬ ವಾದ ಇನ್ನೂ ತೀರಿಲ್ಲ. ಲು ಶುನ್ ಅದೇ ವರ್ಷ ಆ ಮಾತಿನ ಮೇಲೆಯೇ ಒಂದು ಪ್ರಬಂಧ ಬರೆದರು. ಯಾನ್ ಯಿನ್ ಹೋ ವೈ ಅಂತ ಕ್ಯಾಂಟೊನೀಸಿನಲ್ಲಿ ಓದುವ ಆ ನುಡಿಗಟ್ಟನ್ನು ನಾನೂ ಅಲ್ಲಿ ಇಲ್ಲಿ ಉದುರಿಸುತ್ತಿದ್ದೆ, ಪಕ್ಕದ ಮನೆಯವರ ಸಣ್ಣಪುಟ್ಟ ಜಗಳಗಳಿಗೆಲ್ಲ. ಕಥೆ ಓದಿದ ಮೇಲೆ ನಿಲ್ಲಿಸಿದೆ.

8. ಹಳಿಯುವುದಕ್ಕೂ ಒಂದು ಜಾಗ, ಒಂದು ದಿನ ಇದೆ.

ವಾನ್ ಚಾಯ್‌ಗೂ ಕಾಸ್‌ವೇ ಬೇಗೂ ನಡುವೆ ಕೆನಾಲ್ ರೋಡ್ ಮೇಲ್ಸೇತುವೆ. ಜನ ಅದನ್ನು ಹೆಬ್ಬಾತಿನ ಕತ್ತಿನ ಸೇತುವೆ ಅನ್ನುತ್ತಾರೆ. ಮೇಲೆ ಬಸ್ಸುಗಳ ಗುಡುಗು, ಕೆಳಗೆ ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತ ಮುದುಕಿಯರು. ದಾ ಸಿಯು ಯಾನ್, 'ಸಣ್ಣ ಮನುಷ್ಯ'ನನ್ನು ಹೊಡೆಯುವುದು, ಅವರ ಕಸುಬು. ವರ್ಷವಿಡೀ ನಡೆಯುತ್ತದೆ, ಆದರೆ ಮಾರ್ಚ್ 5-6ರ ಸುಮಾರಿಗೆ, ನೆಲದೊಳಗಿನ ಹುಳುಗಳು ಎಚ್ಚೆತ್ತುಕೊಳ್ಳುವ ಗಿಂಗ್ ಜಾತ್ ದಿನ, ಸಾಲು ಹಿಡಿದು ನಿಲ್ಲಬೇಕು.

ಲೋ ಸಿ ಜೊತೆ ಹೋಗಿದ್ದೆ. ಅವರಲ್ಲಿ ಒಬ್ಬ ಪೋ ಪೋ, ಅಂದರೆ ಅಜ್ಜಿ, ಕಾಗದದ ಮನುಷ್ಯನನ್ನು ಇಟ್ಟಿಗೆಯ ಮೇಲಿಟ್ಟು ಹಳೆಯ ಚಪ್ಪಲಿಯಿಂದ ಬಾರಿಸತೊಡಗಿದಳು. ತಲೆಗೊಂದು, ಬಾಯಿಗೊಂದು, ಕೈಗೊಂದು, ಒಂದೊಂದು ಏಟಿಗೂ ಪ್ರಾಸದ ಬೈಗುಳ. ಕಾಗದ ಚಿಂದಿಯಾಗಿ ಇಟ್ಟಿಗೆಗೆ ಅಂಟಿಕೊಂಡಿತು. ಆಮೇಲೆ ಹಳದಿ ಕಾಗದದ ಹುಲಿಯ ಬಾಯಿಗೆ ಹಂದಿ ಕೊಬ್ಬಿನ ತುಂಡು ಸವರಿದಳು. ಹೊಟ್ಟೆ ತುಂಬಿದ, ಬಾಯಿ ಜಿಡ್ಡಾದ ಹುಲಿ ಕಚ್ಚುವುದಿಲ್ಲ, ಅಂದರೆ ವರ್ಷವಿಡೀ ಹೌ ಸಿತ್, ಬಾಯಿ-ನಾಲಿಗೆಯ ತಂಟೆ, ಬರುವುದಿಲ್ಲ. ಕೊನೆಗೆ ಎಲ್ಲಕ್ಕೂ ಬೆಂಕಿ. ದೃಷ್ಟಿ ತೆಗೆದು ಹಳೆ ಪೊರಕೆ ಕಡ್ಡಿ ಸುಡುವ ನಮ್ಮ ಅಜ್ಜಿಯನ್ನು ಅಲ್ಲಿ ಕೂರಿಸಿದ್ದರೆ ಒಂದೇ ದಿನದಲ್ಲಿ ಕೆಲಸ ಕಲಿಯುತ್ತಿದ್ದಳು.

ನಾನು ಸುಮ್ಮನಿರದೆ ಪುಸ್ತಕದ ಕ್ಯಾಂಟೊನೀಸಿನಲ್ಲಿ, "ಈ ಗಿರಾಕಿಯನ್ನು ದೈ ವೈ ಮಾಡಿದವರು ಯಾರು?" ಅಂತ ಪೋ ಪೋಳನ್ನು ಕೇಳಿದೆ. ಅವಳು ಚಪ್ಪಲಿ ಎತ್ತಿದ ಕೈ ಹಾಗೇ ನಿಲ್ಲಿಸಿ ಲೋ ಸಿ ಕಡೆ ತಿರುಗಿ, "ಇವಳು ಪೊಲೀಸಾ?" ಅಂದಳು. ಹೆಸರು ಕೊಟ್ಟರೆ ಹೆಸರಿಗೆ ಹೊಡೆಯುತ್ತಾಳೆ, ಕೊಡದಿದ್ದರೆ ಒಟ್ಟಾರೆ ಸಣ್ಣತನಕ್ಕೆ ಹೊಡೆಯುತ್ತಾಳೆ, ವಿಚಾರಣೆ ನಡೆಸುವುದು ಅವಳ ಕೆಲಸವಲ್ಲ. ಅಲ್ಲಿಯವರೆಗೆ ನಾನು ಸಿಯು ಯಾನ್‌ಗೆ 'ಶತ್ರು' ಅಂತ ಬರೆದುಕೊಂಡಿದ್ದೆ. ಕನ್‌ಫ್ಯೂಷಿಯಸ್ ಸಜ್ಜನನ ಎದುರಿಗೆ ನಿಲ್ಲಿಸಿದ ಕ್ಷುದ್ರ ಮನುಷ್ಯ ಅವನು. ಶತ್ರು ಎದುರಿಗೆ ಬರುತ್ತಾನೆ, ಇವನು ಬರುವುದಿಲ್ಲ.

ದಿನದ ವಿಚಾರಕ್ಕೆ ಬಂದರೆ, ಚೀನೀ ಹೊಸವರ್ಷದ ಮೂರನೇ ದಿನ ಚೆಕ್ ಹೌ, ಕೆಂಬಾಯಿ. ಅವತ್ತು ಯಾರ ಮನೆಗೆ ಹೋದರೂ ಜಗಳ ಅಂತ ನಂಬಿಕೆ, ಹಾಗಾಗಿ ನೆಂಟರ ಮನೆ ಬಿಟ್ಟು ಶಾ ಟಿನ್‌ನ ಚೆ ಕುಂಗ್ ಗುಡಿಗೆ ಜನ ಸಾಗುತ್ತಾರೆ. ನಾನು ಅದೇ ದಿನ ಮೈಸೂರು ಪಾಕಿನ ಡಬ್ಬಿ ಹಿಡಿದು ಮೇಲಧಿಕಾರಿಯ ಮನೆ ಗಂಟೆ ಒತ್ತಿದ್ದೆ.

9. 'ಅಷ್ಟು ಆದರ್ಶಪ್ರಾಯವಾಗಿರಲಿಲ್ಲ' ಅಂದರೆ ಸಂತೋಷಪಡಬೇಡಿ.

ಕಚೇರಿಯ ಚೀನೀ ಬರಹದಲ್ಲಿ ಕೆಟ್ಟದ್ದು ಎಂಬ ಪದ ಸಿಗುವುದೇ ಅಪರೂಪ. ಮೇಯ್ ಯೂ ಲೇಯ್ ಸೋಂಗ್ ಎನ್ನುತ್ತಾರೆ, ಆದರ್ಶದ ಮಟ್ಟಕ್ಕೆ ಇಲ್ಲ. ಇಲ್ಲವೇ ಯೌ ಹಿಮ್ ಎಂದು ಶುರು ಮಾಡುತ್ತಾರೆ. ನಿಖರತೆಯ ಕೊರತೆ, ಜಾಣ್ಮೆಯ ಕೊರತೆ, ಇಂಥದ್ದೇ ಏನೋ ಒಂದು ಸಾಲ ಉಳಿಸಿಕೊಂಡ ಹಾಗೆ. ಒಂದು ಕಚೇರಿಯಿಂದ ನನ್ನ ಕೆಲಸದ ಬಗ್ಗೆ ಬಂದ ಅಭಿಪ್ರಾಯದಲ್ಲಿ ಈ ಎರಡೂ ಇದ್ದವು. ಮನೆಯಲ್ಲಿ ಓದಿ ಹೇಳಿದೆ.

"ಪರವಾಗಿಲ್ಲ ಅಂದಿದ್ದಾರಲ್ಲೇ" ಅಂದರು ನನ್ನ ಯಜಮಾನರು.

"ಇಲ್ಲಾ ರೀ. ತೀರಾ ಕೆಟ್ಟದಾಗಿತ್ತು ಅಂದಿದ್ದಾರೆ."

ತಪ್ಪೆಂದು ಗುರುತಿಸಿದ ಪದಗಳ ಪಟ್ಟಿ ಕೇಳಿ ಬರೆದೆ, ಕಳಿಸಿದರು. ಬಹುಪಾಲು ಅವರದೇ ಸರಿ. ಒಂದು ಪದದ ವಿಚಾರದಲ್ಲಿ ಮಾತ್ರ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಜಿಕ್ ದಾಕ್ ಸೋಂಗ್ ಕೋಕ್ ಎಂಬ ಪ್ರಯೋಗ ಹಾಕಿ ಉತ್ತರ ಬರೆದೆ. ಚರ್ಚೆಗೆ ಯೋಗ್ಯ ಅಂತ ಅದರ ಮೇಲ್ಮೈ, ನಿಮ್ಮದು ತಪ್ಪು ಅಂತ ತಿರುಳು. ಕಲಿತ ವಿದ್ಯೆಯನ್ನು ಸರಿಯಾದ ಜಾಗದಲ್ಲಿ ಹಾಕಿದ್ದೇನೆ ಅಂತ ಒಳಗೊಳಗೇ ಬೀಗಿದೆ. ಮರುಟಪಾಲಿನಲ್ಲಿ ಒಂದೇ ಸಾಲು ಬಂತು: ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ. ಆ ಕಚೇರಿಯಿಂದ ಮುಂದಿನ ಕೆಲಸಕ್ಕೆ ಕರೆ ಬರಲು ಬಹಳ ದಿನ ಹಿಡಿಯಿತು.